ಚಾರ್ಜ್ ಪಟ್ಟಿಯಲ್ಲಿ ಬರೆಯದ್ದು

ವಾಲಿಬಾಲ್ ನೆಟ್ಟು ಒಂದು, ಹರಿದದ್ದು.
ಡಂಬೆಲ್ಸ್ ಹದಿನಾರು ಜೊತೆ.
ವಿಸಿಲ್ ನನ್ನ ಸ್ವಂತದ್ದು, ಒಯ್ಯುತ್ತೇನೆ.
ಇಷ್ಟಕ್ಕೆ ಸಹಿ ಹಾಕಿಬಿಡಿ ದಮಯಂತಿ ಮೇಡಂ,
ಆಮೇಲೆ ಚಪ್ಪಲಿ ಬಿಟ್ಟು ಬನ್ನಿ ಉಯ್ಯಾಲೆಯ ಹತ್ತಿರ.
ನೆಲವನ್ನು ಬರೆಯಲು ಪಟ್ಟಿಯಲ್ಲಿ ಕಾಲಂ ಇಲ್ಲ.

ಈ ಚಕ್ಕೆ ಸಿಲ್ವರ್ ಓಕಿನದು.
ಸುಂಟಿಕೊಪ್ಪದ ಪೇಟೆ ದಾಟಿದರೆ ಮೊಯ್ದು ಕಾಕನ ಮಿಲ್ಲು.
ಬಣ್ಣ ಬಳಿದ ಹಳೇ ಬಾಗಿಲು, ಮೊಳೆ ಉಳಿದ ರೀಪು
ಇದರಲ್ಲಿ ಸೇರಬಾರದೆಂದು ಪ್ರತಿ ಸಲ ಹೇಳಬೇಕು.
ಪ್ರತಿ ಸಲವೂ ಅವನಿಗೆ ಕೋಪ ಬರುತ್ತದೆ,
ಆದರೂ ಕೈಯಾಡಿಸಿ ನೋಡಿಯೇ ಮೂಟೆ ಕಟ್ಟಿಸುತ್ತಾನೆ.

ಮೊದಲು ಕಾಫಿ ಹೊಟ್ಟು ಹಾಕಿದ್ದೆವು, ಬಿಟ್ಟಿ ಸಿಕ್ಕಿತ್ತು.
ಬಿಟ್ಟಿಯ ಬುದ್ಧಿ ತೋರಿಸಿತು:
ನಾಲ್ಕು ಮಳೆಗೆ ಹೆಪ್ಪುಗಟ್ಟಿ, ಬೂಷ್ಟು ಹಿಡಿದು,
ಮಕ್ಕಳು ಮೈ ತುರಿಸುತ್ತ ತರಗತಿಗೆ ಹೋದರು.
ಆಮೇಲೆ ಸಣ್ಣ ಜಲ್ಲಿ. ಒಂದನೇ ತರಗತಿಯ ಪುಣ್ಯಾತ್ಮನೊಬ್ಬ
ಒಂದನ್ನು ಮೂಗಿಗೆ ತುರುಕಿಕೊಂಡ.
ಕಾಂಕ್ರೀಟ್ ಹಾಕಿಸಿ ಹಸಿರು ಪೇಂಟ್ ಬಳಿಸೋಣ,
ಉದ್ಘಾಟನೆಗೂ ಚೆನ್ನ, ಎಂದರು ಪಂಚಾಯಿತಿಯ ಬೋಪಣ್ಣನವರು.
ನಾನು ವಾದಕ್ಕೆ ಹೋಗಲಿಲ್ಲ.
ಕೆಳಗೊಂದು ಸಿಮೆಂಟ್ ಚಪ್ಪಡಿ, ಪಕ್ಕದಲ್ಲಿ ಚಕ್ಕೆಯ ರಾಶಿ;
ಜಾರುಬಂಡೆಯ ತುದಿಗೆ ಹತ್ತಿ
ಅವರ ತೋಟದ್ದೇ ಎರಡು ಕಿತ್ತಳೆ ಕೈಬಿಟ್ಟೆ.
ಒಂದರ ರಸ ಅವರ ಇಸ್ತ್ರಿ ಪ್ಯಾಂಟಿಗೆ ಸಿಡಿಯಿತು.
ಇನ್ನೊಂದನ್ನು ಅವರೇ ಎತ್ತಿ, ಒರೆಸಿ, ಸುಲಿದು ತಿಂದರು.

ಈ ಮುರಿದ ಹಾಕಿ ಸ್ಟಿಕ್ ಎಸೆಯಬೇಡಿ.
ಗಟ್ಟಿ ತಾಗುವ ತನಕ ಚಕ್ಕೆಗೆ ಚುಚ್ಚಿ.
ಉಗುರುಬಣ್ಣದ ಈ ಕೆಂಪು ಗೆರೆ ಮುಳುಗಬೇಕು, ಒಂದು ಅಡಿ.
ಗೆರೆ ಕಂಡ ದಿನ ಮೊಯ್ದು ಕಾಕನಿಗೆ ಫೋನು.
ಉಯ್ಯಾಲೆಯ ಕೆಳಗೆ, ಜಾರುಬಂಡೆಯ ಬಾಯಲ್ಲಿ
ದಿನಾ ಗುಂಡಿ; ನೂರಿಪ್ಪತ್ತು ಕಾಲು ಉಜ್ಜಿದರೆ ಇನ್ನೇನು?
ಪ್ರಾರ್ಥನೆಗೆ ಮುಂಚೆ ಕುಂಟೆಯಲ್ಲಿ ಎಳೆದು ತುಂಬಿ.
ರಾತ್ರಿ ಎರೆಹುಳಕ್ಕೆ ಹಂದಿಗಳು ಬರುತ್ತವೆ,
ಮೂತಿಯಲ್ಲಿ ಉತ್ತು ಹೋಗುತ್ತವೆ. ಬೈಯಬೇಡಿ,
ಅಡಿಯಲ್ಲಿ ಬಿಗಿದುಕೊಂಡದ್ದನ್ನು ಸಡಿಲಿಸುವುದು ಅವೇ,
ಹರಡುವುದಷ್ಟೇ ನಿಮ್ಮ ಪಾಲು.
ಕಕ್ಕಡದಲ್ಲಿ ಜಿಗಣೆ. ಅದಕ್ಕೆ ನನ್ನಲ್ಲಿ ಉಪಾಯವಿಲ್ಲ.
ನೀರು ಕೆಳಗಿನ ಚರಂಡಿಗೆ ಇಳಿಯುತ್ತಿದೆಯೇ ನೋಡಿಕೊಳ್ಳಿ.

ಅಗೋ, ಬೇಲಿಯ ಬುಡದಲ್ಲಿ ಕೆಂಪಗೆ ನುಣ್ಣಗೆ ಕಾಣುತ್ತದಲ್ಲ,
ಇಲ್ಲೆಲ್ಲ ಹಾಗೇ ಇತ್ತು.
ಹನ್ನೊಂದು ವರ್ಷ ನಿಂತು ಗುಡಿಸಿಸಿದ್ದೆ ನಾನು,
ಒಂದು ಎಲೆ ಇರಬಾರದು, ಒಂದು ಕಡ್ಡಿ ಇರಬಾರದು.
ಕನ್ನಡಿ ಹಾಗಿದೆ ಎಂದಿದ್ದರು ತಪಾಸಣೆಗೆ ಬಂದವರು.
ಹಿಗ್ಗಿದ್ದೆ.
ಆ ಕನ್ನಡಿಯ ಮೇಲೆ ಬಿದ್ದಳು ರಂಸೀನಾ, ಕಮಾನು ಏಣಿಯಿಂದ,
ಮೂರನೇ ತರಗತಿ.
ದೊಡ್ಡ ಸದ್ದೇನಲ್ಲ ಮೇಡಂ. ಸೀಮೆಸುಣ್ಣ ಮುರಿದಷ್ಟು.
ಈಗ ಹೈಸ್ಕೂಲು. ಬಲಗೈ ಪೂರ್ತಿ ಚಾಚಲು ಬರುವುದಿಲ್ಲ,
ಥ್ರೋಬಾಲ್ ಎಡಗೈಯಲ್ಲೇ.
ದಾರಿಯಲ್ಲಿ ಸಿಕ್ಕರೆ ಮಾತ್ರ
ಆ ಬಾಗಿದ ಕೈಯನ್ನೇ ಎತ್ತಿ ‘ಸಾರ್’ ಎನ್ನುತ್ತಾಳೆ.
ಗುಡಿಸಿ ಗುಡಿಸಿ ನೆಲವನ್ನು ಕಲ್ಲು ಮಾಡಿದ್ದು ಯಾರು
ಎಂದು ಅವಳು ಕೇಳಿಲ್ಲ.

ಆದ್ದರಿಂದ ಸ್ವಲ್ಪ ಗಲೀಜು ಕಂಡರೆ ಕಾಣಲಿ.
ವರಾಂಡಕ್ಕೆಲ್ಲ ಚಕ್ಕೆ ಬರುತ್ತದೆ,
ಅಡುಗೆಯ ಸರಸು ಗೊಣಗುತ್ತಾಳೆ, ಸಾರಿನಲ್ಲೂ ಒಮ್ಮೆ ಸಿಕ್ಕಿತ್ತು.
ಮೇಲಿಂದ ಯಾರಾದರೂ ಕೈತಪ್ಪಿದರೆ
ಧಪ್ ಎಂದು ಕೇಳುತ್ತದೆ,
ಆಮೇಲೆ ಒಂದು ಗಳಿಗೆ ಏನೂ ಇಲ್ಲ,
ಆಮೇಲೆ ನಗು.
ನಡುವಿನ ಆ ಗಳಿಗೆ ನನಗಿನ್ನೂ ಅಭ್ಯಾಸವಾಗಿಲ್ಲ.

ಸರಿ, ಬಸ್ಸು ಹನ್ನೆರಡೂಕಾಲಿಗೆ.
ಬೂಟಿನಲ್ಲಿ ಎರಡೋ ಮೂರೋ ಚಕ್ಕೆ ಚುಚ್ಚುತ್ತಿವೆ,
ಶನಿವಾರಸಂತೆಯ ತನಕ ಬರಲಿ.
ಪಟ್ಟಿಯಲ್ಲಿ ಇಲ್ಲವಲ್ಲ.